16 ವರ್ಷದ ಮೇಲೆ ಮತ್ತೆ ಮ್ಯೂರೆನ್‌ಗೆ: ಯಾವ ವಾರ, ಯಾವ ದಾರಿ, ಎಷ್ಟು ಹಿಮ?

ಪ್ರಶ್ನೆ: 2009ರ ಡಿಸೆಂಬರ್ ಕೊನೆಯಲ್ಲಿ ನಾನು, ನನ್ನ ಹೆಂಡತಿ ಸ್ವಿಟ್ಜರ್‌ಲ್ಯಾಂಡಿನ ಮ್ಯೂರೆನ್ ಹಳ್ಳಿಯಲ್ಲಿ ಐದು ದಿನ ಇದ್ದೆವು. ಕಾರಿಲ್ಲದ ಊರು, ಮೊಣಕಾಲುದ್ದ ಹಿಮ, ಕಿಟಕಿ ತೆರೆದರೆ ಐಗರ್ ಪರ್ವತ. ಮೂರು ದಿನ ಸ್ಕೀ ಕಲಿತೆ, ಆಮೇಲೆ ಮುಟ್ಟಿಲ್ಲ. ಈಗ ಇಬ್ಬರು ಮಕ್ಕಳನ್ನು (12 ಮತ್ತು 9 ವರ್ಷ), 71 ವರ್ಷದ ಅಮ್ಮನನ್ನು ಕರೆದುಕೊಂಡು ಅದೇ ಊರಿಗೆ, ಅದೇ ಕ್ರಿಸ್‌ಮಸ್ ರಜೆಯಲ್ಲಿ ಹೋಗುವ ಆಸೆ. ಊರು ಹಾಗೇ ಇದೆಯಾ? ಹಿಮ ಸಿಗುತ್ತಾ? ನನಗೀಗ 51, ಸ್ಕೀ ಮರೆತುಹೋಗಿರುತ್ತಾ? ಅಮ್ಮ ಶುದ್ಧ ಸಸ್ಯಾಹಾರಿ. ಎಷ್ಟು ದಿನ ಇದ್ದರೆ ಸಾಕು?
— ಬೆಂಗಳೂರಿನ ಓದುಗರು

ಉತ್ತರ: ಊರು ಬಹುಮಟ್ಟಿಗೆ ಹಾಗೇ ಇದೆ. ಹಿಮದ ಲೆಕ್ಕ ಮಾತ್ರ ಬದಲಾಗಿದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಮ್ಯೂರೆನ್‌ಗೆ ಖಂಡಿತ ಹೋಗಿ, ಆದರೆ ಕ್ರಿಸ್‌ಮಸ್‌ಗೆ ಬೇಡ. ಒಂದು ತಿಂಗಳು ತಡ ಮಾಡಿ.

ನಾನು ಬರ್ನ್ ನಗರದಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಇದ್ದೇನೆ. ನಮ್ಮ ಕಡೆಯಿಂದ ಬರುವ ಕುಟುಂಬಗಳಿಗೆ ಚಳಿಗಾಲದ ಪ್ರವಾಸ ಯೋಜನೆ ಮಾಡಿಕೊಡುವುದು ನನ್ನ ಕಸುಬು. ವಾರಾಂತ್ಯದಲ್ಲಿ ಹೊಸಬರಿಗೆ ಸ್ಕೀ ಹೇಳಿಕೊಡುತ್ತೇನೆ. ಮೊದಲ ಸಲ ಬರುವವರನ್ನು ಖುಷಿಪಡಿಸುವುದು ಸುಲಭ. ಎರಡನೇ ಸಲ ಬರುವವರೇ ಕಷ್ಟ. ಅವರ ತಲೆಯಲ್ಲಿ ಒಂದು ಫೋಟೊ ಇರುತ್ತೆ. ಎದುರಿಗಿರುವ ಊರು ಆ ಫೋಟೊಗೆ ಹೊಂದದಿದ್ದರೆ ಮುಖ ಬಾಡಿಹೋಗುತ್ತೆ.

ನಿಮ್ಮ ಫೋಟೊದಲ್ಲಿ ಮೊಣಕಾಲುದ್ದ ಹಿಮ ಇದೆ. ಅದನ್ನೇ ಮೊದಲು ನೋಡೋಣ.

ಮ್ಯೂರೆನ್ ಇರುವುದು ಸುಮಾರು 1,640 ಮೀಟರ್ ಎತ್ತರದಲ್ಲಿ. ಚಳಿಗಾಲದಲ್ಲಿ ಇಲ್ಲಿಯವರು ದಿನಾ ವಿಚಾರಿಸುವುದು ಒಂದೇ ವಿಷಯ: ಸೊನ್ನೆ ಡಿಗ್ರಿಯ ಗೆರೆ ಇವತ್ತು ಎಲ್ಲಿದೆ? ಅಂದರೆ ಗಾಳಿಯ ಉಷ್ಣಾಂಶ ಸೊನ್ನೆಗೆ ಇಳಿಯುವ ಎತ್ತರ. ಬೀಳುವ ಹಿಮ ಆ ಗೆರೆ ದಾಟಿ ಇನ್ನೂ ಇನ್ನೂರು, ಮುನ್ನೂರು ಮೀಟರ್ ಕೆಳಗಿನವರೆಗೆ ಹಿಮವಾಗಿಯೇ ಉಳಿಯುತ್ತೆ. ಅದಕ್ಕಿಂತ ಕೆಳಗೆ ಮಳೆ. ಕಳೆದ ಕೆಲವು ದಶಕಗಳಲ್ಲಿ ಈ ಗೆರೆ ಮೇಲಕ್ಕೆ ಸರಿಯುತ್ತಾ ಬಂದಿದೆ. 2,500 ಮೀಟರ್‌ನಲ್ಲಿರುವವರಿಗೆ ಇದರ ಬಿಸಿ ಅಷ್ಟಾಗಿ ತಟ್ಟಿಲ್ಲ. 1,000 ಮೀಟರ್‌ನಲ್ಲಿರುವ ಊರುಗಳ ಕಥೆ ಹೆಚ್ಚುಕಡಿಮೆ ಮುಗಿಯುತ್ತಾ ಬಂತು. ಮ್ಯೂರೆನ್ ಇವೆರಡರ ಮಧ್ಯೆ ಇದೆ. ಒಂದು ವರ್ಷ ಡಿಸೆಂಬರ್‌ನಲ್ಲೇ ಮನೆಗಳ ಚಾವಣಿ ಮುಚ್ಚುವಷ್ಟು ಬೀಳುತ್ತೆ. ಇನ್ನೊಂದು ವರ್ಷ ಕ್ರಿಸ್‌ಮಸ್ ದಿನ ಊರಲ್ಲಿ ಹಸಿರು ಹುಲ್ಲು.

2023ರ ಹೊಸವರ್ಷದ ದಿನ ನನಗೆ ಚೆನ್ನಾಗಿ ನೆನಪಿದೆ. ಸ್ವಿಟ್ಜರ್‌ಲ್ಯಾಂಡಿನ ಡೆಲೆಮೊಂಟ್ ಊರಿನಲ್ಲಿ ಅವತ್ತು 20.2 ಡಿಗ್ರಿ. ಆಲ್ಪ್ಸ್‌ನ ಉತ್ತರಕ್ಕಿರುವ ಸ್ವಿಟ್ಜರ್‌ಲ್ಯಾಂಡಿನ ಭಾಗದಲ್ಲಿ ಜನವರಿಯಲ್ಲಿ ಅಷ್ಟು ಬಿಸಿ ಅಲ್ಲಿಯವರೆಗೆ ದಾಖಲಾಗಿರಲಿಲ್ಲ. ಬೆಂಗಳೂರಿನ ಬೆಳಗಿನ ಹೊತ್ತಿನ ಹವೆ ಅದು! ಅವತ್ತು ನನ್ನ ಜೊತೆ ಮೈಸೂರಿನ ಒಂದು ಕುಟುಂಬ ಇತ್ತು. ಬಾಡಿಗೆಗೆ ತಂದ ಹಿಮದ ಬೂಟು ಹಾಕಿಕೊಂಡು ಕೆಸರಿನಲ್ಲಿ ನಡೆದೆವು. ತಗ್ಗಿನ ಎಷ್ಟೋ ಸ್ಕೀ ಊರುಗಳು ಆ ವಾರ ಲಿಫ್ಟ್ ನಿಲ್ಲಿಸಿದ್ದವು.

ಹಿಮ ಮಾಡುವ ಯಂತ್ರ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಸ್ವಿಟ್ಜರ್‌ಲ್ಯಾಂಡಿನ ಸ್ಕೀ ಇಳಿಜಾರುಗಳಲ್ಲಿ ಅರ್ಧದಷ್ಟಕ್ಕೆ ಈಗ ಆ ಸೌಲಭ್ಯ ಉಂಟು. ಆದರೆ ಆ ಯಂತ್ರಕ್ಕೂ ಚಳಿ ಬೇಕು. ಅದು ಮಾಡುವುದು ಇಷ್ಟೇ: ಒತ್ತಿದ ಗಾಳಿಯ ಜೊತೆ ನೀರನ್ನು ಸಣ್ಣ ಹನಿಯಾಗಿ ಚಿಮ್ಮಿಸುತ್ತೆ, ಆ ಹನಿ ನೆಲ ಮುಟ್ಟುವಷ್ಟರಲ್ಲಿ ಹೆಪ್ಪುಗಟ್ಟಬೇಕು. ಅದಕ್ಕೆ ಉಷ್ಣಾಂಶ ಮೈನಸ್ 2 ಅಥವಾ 3 ಡಿಗ್ರಿಗೆ ಇಳಿಯಬೇಕು, ಗಾಳಿಯೂ ಒಣಗಿರಬೇಕು. ಬೆಚ್ಚಗಿನ ಡಿಸೆಂಬರ್‌ನಲ್ಲಿ ಯಂತ್ರ ಸುಮ್ನೆ ನಿಂತಿರುತ್ತೆ. ಇನ್ನೊಂದು ಮಾತು, ಯಂತ್ರದ ಹಿಮ ಸ್ಕೀ ಪಟ್ಟಿಯ ಮೇಲೆ ಮಾತ್ರ ಇರುತ್ತೆ. ಕಂದು ಬೆಟ್ಟದ ಮೇಲೆ ಒಂದು ಬಿಳಿ ಪಂಚೆ ಹಾಸಿದ ಹಾಗೆ. ಸ್ಕೀ ಆಡಬಹುದು, ಆದರೆ ನಿಮ್ಮ ಫೋಟೊ ಸಿಗಲ್ಲ.

ಹಾಗಾದರೆ ಯಾವಾಗ? ಈ ಎತ್ತರದಲ್ಲಿ ನೆಲದ ಮೇಲಿನ ಹಿಮ ಜನವರಿಯಿಂದ ಏರುತ್ತಾ ಹೋಗಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ಗಟ್ಟಿಯಾಗುತ್ತೆ. ಮಾರ್ಚ್ ಮೊದಲರ್ಧ ಬಹಳ ಚೆಂದ. ಹಗಲು ಉದ್ದ, ಬಿಸಿಲು ಹದ. ಆದರೆ ನಿಮ್ಮ ಮಕ್ಕಳಿಗೆ ಆಗ ಪರೀಕ್ಷೆ, ಅಲ್ವಾ? ಫೆಬ್ರವರಿಯಲ್ಲಿ ಇಲ್ಲಿಯ ಶಾಲೆಗಳಿಗೆ ಸ್ಕೀ ರಜೆ. ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ವಾರ. ಜೊತೆಗೆ ಬ್ರಿಟನ್ನಿನ ಶಾಲೆಗಳ ಹಾಫ್ ಟರ್ಮ್, ಅಂದರೆ ಅವಧಿಯ ನಡುವಿನ ರಜೆ. ಬಾಡಿಗೆ ಗಗನಕ್ಕೆ. ಉಳಿಯುವುದು ಜನವರಿ ಕೊನೆ ಮತ್ತು ಫೆಬ್ರವರಿಯ ಮೊದಲ ವಾರ. ಗಣರಾಜ್ಯೋತ್ಸವದ ರಜೆಗೆ ನಾಲ್ಕು ದಿನ ಶಾಲೆಗೆ ಚಕ್ಕರ್ ಸೇರಿಸಿ. ಶಾಲೆಯವರು ಸ್ವಲ್ಪ ಗೊಣಗಬಹುದು. ಕ್ರಿಸ್‌ಮಸ್ ವಾರಕ್ಕಿಂತ ಕೋಣೆ ಬಾಡಿಗೆ ಎಷ್ಟೋ ಕಡಿಮೆ, ಹಿಮ ಎಷ್ಟೋ ಖಾತ್ರಿ.

ಒಂದೇ ಒಂದು ಎಚ್ಚರಿಕೆ. ಜನವರಿಯ ಮೂರನೇ ಅಥವಾ ನಾಲ್ಕನೇ ವಾರದಲ್ಲಿ ಮ್ಯೂರೆನ್‌ನಲ್ಲಿ ಇನ್ಫರ್ನೋ ಅನ್ನುವ ಸ್ಕೀ ಓಟ ನಡೆಯುತ್ತೆ. ಶಿಲ್ಟ್‌ಹಾರ್ನ್ ಶಿಖರದ ಹತ್ತಿರದಿಂದ ಹೊರಟು, ಹಿಮ ಸಾಕಷ್ಟಿದ್ದರೆ ಕೆಳಗಿನ ಲೌಟರ್‌ಬ್ರುನ್ನೆನ್ ಕಣಿವೆಯವರೆಗೆ ಸುಮಾರು 15 ಕಿಲೋಮೀಟರ್. ಓಡುವವರೆಲ್ಲ ಹವ್ಯಾಸಿಗಳು, ಸುಮಾರು 1,850 ಜನ. ಊರಿನ ಜನಸಂಖ್ಯೆ ಐನೂರೂ ಇಲ್ಲ! ಆ ವಾರ ಕೋಣೆ ಸಿಗುವುದೇ ಇಲ್ಲ. ನೋಡುವ ಆಸೆ ಇದ್ದರೆ ಈಗಲೇ ಕಾದಿರಿಸಿ. ಇಲ್ಲದಿದ್ದರೆ ಓಟ ಮುಗಿದ ಮರುದಿನ ಊರು ಸೇರುವ ಹಾಗೆ ಟಿಕೆಟ್ ಮಾಡಿ.

ಈ ಓಟದ ಬಗ್ಗೆ ಒಂದು ಚೂರು ಕಥೆ ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ಇದರ ಬೇರು ನಮ್ಮ ಪಕ್ಕದಲ್ಲೇ ಇದೆ. ಹೆನ್ರಿ ಲನ್ ಅನ್ನುವ ಇಂಗ್ಲಿಷ್ ಪಾದ್ರಿ 1887ರ ಸುಮಾರಿಗೆ ಮಿಷನರಿಯಾಗಿ ಭಾರತಕ್ಕೆ ಬಂದರು. ಅವರ ಮಗ ಆರ್ನಾಲ್ಡ್ ಲನ್ ಹುಟ್ಟಿದ್ದು 1888ರಲ್ಲಿ, ಮದ್ರಾಸಿನಲ್ಲಿ. ಅಪ್ಪ ಊರಿಗೆ ಮರಳಿದ ಮೇಲೆ ಪಾದ್ರಿ ಕೆಲಸ ಬಿಟ್ಟು ಪ್ರವಾಸದ ವ್ಯಾಪಾರಕ್ಕೆ ಇಳಿದರು. ಬೇಸಿಗೆಗೆ ಮಾತ್ರ ಜನ ಬರುತ್ತಿದ್ದ ಮ್ಯೂರೆನ್‌ಗೆ ಚಳಿಗಾಲದಲ್ಲೂ ಇಂಗ್ಲಿಷರನ್ನು ಕರೆತಂದವರು ಅವರೇ. ಮಗ ಆರ್ನಾಲ್ಡ್ 1922ರ ಜನವರಿಯಲ್ಲಿ ಇದೇ ಊರಿನ ಇಳಿಜಾರಿನಲ್ಲಿ ಕೋಲುಗಳನ್ನು ನೆಟ್ಟು, ಅವುಗಳ ನಡುವೆ ತಿರುಗುತ್ತಾ ಇಳಿಯುವ ಪಂದ್ಯ ಮಾಡಿಸಿದರು. ಇವತ್ತು ಒಲಿಂಪಿಕ್ಸ್‌ನಲ್ಲಿ ನೋಡುವ ಸ್ಲಾಲಂ ಶುರುವಾಗಿದ್ದು ಹಾಗೆ. 1924ರಲ್ಲಿ ಇಲ್ಲಿ ಹುಟ್ಟಿದ ಸ್ಕೀ ಕ್ಲಬ್ಬಿನ ಹೆಸರು ಕಂದಹಾರ್. ಅಫ್ಘಾನಿಸ್ತಾನದ ಊರಿನ ಹೆಸರು ಇಲ್ಲಿಗೆ ಹೇಗೆ ಬಂತು? ಕಾನ್ಪುರದಲ್ಲಿ ಹುಟ್ಟಿ, ಕಂದಹಾರದ ಯುದ್ಧ ಗೆದ್ದ ಲಾರ್ಡ್ ರಾಬರ್ಟ್ಸ್ ಹೆಸರಿನಲ್ಲಿ 1911ರಲ್ಲಿ ಒಂದು ಸ್ಕೀ ಕಪ್ ಇಟ್ಟಿದ್ದರು, ಅಲ್ಲಿಂದ. ಆ ಕ್ಲಬ್ಬಿನ 17 ಜನ 1928ರಲ್ಲಿ ಶಿಲ್ಟ್‌ಹಾರ್ನ್‌ಗೆ ಕಾಲ್ನಡಿಗೆಯಲ್ಲಿ ಹತ್ತಿ, ಕಣಿವೆಗೆ ಇಳಿದದ್ದೇ ಮೊದಲ ಇನ್ಫರ್ನೋ. ಮೊದಲ ಆಲ್ಪೈನ್ ವಿಶ್ವ ಚಾಂಪಿಯನ್‌ಷಿಪ್ ಕೂಡ 1931ರಲ್ಲಿ ಇಲ್ಲೇ ಆಯಿತು. ಅಮ್ಮನಿಗೆ ಈ ಮದ್ರಾಸಿನ ಹುಡುಗನ ಕಥೆ ಹೇಳಿ, ಊರು ಅಷ್ಟು ದೂರದ್ದು ಅನ್ನಿಸಲ್ಲ.

ಈಗ ದಾರಿಯ ವಿಷಯ. ಬದಲಾವಣೆ ಕಣ್ಣಿಗೆ ಹೊಡೆಯುವುದು ಇಲ್ಲೇ. ನೀವು 2009ರಲ್ಲಿ ಲೌಟರ್‌ಬ್ರುನ್ನೆನ್‌ನಿಂದ ಕೇಬಲ್ ಕಾರಿನಲ್ಲಿ ಗ್ರೂಚಾಲ್ಪ್‌ಗೆ ಹತ್ತಿ, ಅಲ್ಲಿಂದ ಪುಟ್ಟ ರೈಲಿನಲ್ಲಿ ಬಂಡೆಯ ಅಂಚಿನಲ್ಲೇ ಮ್ಯೂರೆನ್‌ಗೆ ಬಂದಿರಬೇಕು. ಆ ದಾರಿ ಈಗಲೂ ಇದೆ. ರೈಲಿನ ಹಳಿ 1891ರದ್ದು. ಇನ್ನೊಂದು ದಾರಿ ಕಣಿವೆಯ ಒಳಗಿನ ಸ್ಟೆಖೆಲ್‌ಬರ್ಗ್‌ನಿಂದ. ಆಗ ಆ ಕಡೆಯಿಂದ ಬಂದಿದ್ದರೆ ಗಿಮ್ಮೆಲ್‌ವಾಲ್ಡ್‌ನಲ್ಲಿ ಇಳಿದು ಇನ್ನೊಂದು ಡಬ್ಬಿ ಹತ್ತಬೇಕಿತ್ತು. 2024ರ ಡಿಸೆಂಬರ್‌ನಿಂದ ಸ್ಟೆಖೆಲ್‌ಬರ್ಗ್‌ನಿಂದ ಮ್ಯೂರೆನ್‌ಗೆ ನೇರ ಕೇಬಲ್ ಕಾರು ಬಂದಿದೆ. ಬಂಡೆಯ ಗೋಡೆಗೆ ಮುಖ ಮಾಡಿಕೊಂಡು ಸುಮಾರು 775 ಮೀಟರ್ ಎತ್ತರವನ್ನು ನಾಲ್ಕು ನಿಮಿಷದಲ್ಲಿ ಏರುತ್ತೆ. ಏರು ಶೇಕಡ 159, ಅಂದರೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ 159 ಮೀಟರ್ ಮೇಲೆ. ಜಗತ್ತಿನಲ್ಲೇ ಅತಿ ಕಡಿದಾದ ಕೇಬಲ್ ಕಾರು ಅಂತ ಇವರ ಹೆಮ್ಮೆ. ಅಲ್ಲಿಂದ ಮಧ್ಯದ ನಿಲ್ದಾಣ ಬಿರ್ಗ್‌ಗೆ, ಅದರಾಚೆ ಶಿಲ್ಟ್‌ಹಾರ್ನ್‌ಗೆ ಹೋಗುವ ಸಾಲುಗಳೂ ಹೊಸವು.

ನನ್ನ ಸಲಹೆ: ಹೋಗುವಾಗ ಹಳೆಯ ರೈಲು, ಬರುವಾಗ ಹೊಸ ಕೇಬಲ್. ನಾಲ್ಕು ನಿಮಿಷದಲ್ಲಿ ಊರು ತಲುಪಿಬಿಟ್ಟರೆ ಏನೋ ಕಳೆದುಕೊಂಡ ಹಾಗಾಗುತ್ತೆ. ರೈಲಿನಲ್ಲಿ ಎಡಗಡೆ ಕಿಟಕಿಗೆ ಅಮ್ಮನನ್ನು ಕೂರಿಸಿ. ಐಗರ್, ಮೊಂಖ್, ಯುಂಗ್‌ಫ್ರೌ ಮೂರೂ ಕಣಿವೆಯ ಆಚೆ ಸಾಲಾಗಿ ನಿಂತಿರುತ್ತವೆ. ಕೊನೆಯದು 4,158 ಮೀಟರ್. ಆದರೆ ಕೋಣೆ ಕಾದಿರಿಸುವಾಗ ಒಂದು ವಿಷಯ ನೋಡಿಕೊಳ್ಳಿ. ರೈಲು ನಿಲ್ದಾಣ ಊರಿನ ಒಂದು ತುದಿ, ಕೇಬಲ್ ಕಾರಿನದ್ದು ಇನ್ನೊಂದು ತುದಿ. ಮಧ್ಯೆ ಹತ್ತು ಹದಿನೈದು ನಿಮಿಷದ ನಡಿಗೆ. ಹೆಪ್ಪುಗಟ್ಟಿದ ದಾರಿಯಲ್ಲಿ ಎರಡು ಸೂಟ್‌ಕೇಸ್ ಎಳೆದುಕೊಂಡು ಅದು ಅರ್ಧ ಗಂಟೆ. ಬಂದಿಳಿಯುವ ಸಮಯ ಹೋಟೆಲಿಗೆ ಮೊದಲೇ ತಿಳಿಸಿ, ಸಾಮಾನಿಗೆ ಗಾಡಿ ಕಳಿಸುತ್ತಾರಾ ಅಂತ ಕೇಳಿಬಿಡಿ.

ಸ್ವಿಸ್ ಟ್ರಾವೆಲ್ ಪಾಸ್ ಅನ್ನುವ ರೈಲು ಪಾಸು ತೆಗೆದುಕೊಂಡರೆ ಎರಡು ದಾರಿಯೂ ಮ್ಯೂರೆನ್‌ವರೆಗೆ ಅದರಲ್ಲೇ ಬರುತ್ತೆ. 6ರಿಂದ 15 ವರ್ಷದ ಮಕ್ಕಳಿಗೆ ಅಪ್ಪ ಅಮ್ಮನ ಜೊತೆ ಉಚಿತ. ಆ ಕುಟುಂಬ ಕಾರ್ಡನ್ನು ಪಾಸ್ ಕೊಳ್ಳುವಾಗಲೇ ಕೇಳಿ ಪಡೆಯಿರಿ.

ಸ್ಕೀ ಮರೆತಿರುತ್ತಾ? ಮೂರು ದಿನ ಕಲಿತದ್ದನ್ನು ಕಲಿತದ್ದು ಅಂತ ಲೆಕ್ಕ ಹಾಕಬೇಡಿ, ಬೇಜಾರು ಮಾಡ್ಕೋಬೇಡಿ. ಮೈಯ ಸಮತೋಲ ಬೇಗ ವಾಪಸ್ ಬರುತ್ತೆ, ಸೈಕಲ್ಲಿನ ಹಾಗೆ. ತೊಡೆಯ ಬಲ ವಾಪಸ್ ಬರಲ್ಲ. ಅದನ್ನು ಬೆಂಗಳೂರಿನಿಂದಲೇ ತರಬೇಕು. ಇವತ್ತಿನಿಂದ ಆಫೀಸಿನಲ್ಲಿ ಮೆಟ್ಟಿಲು ಇಳಿಯಿರಿ. ಹತ್ತುವುದಕ್ಕಿಂತ ಇಳಿಯುವುದು ಮುಖ್ಯ. ಸ್ಕೀಯಲ್ಲಿ ತೊಡೆಯ ಸ್ನಾಯು ಮಾಡುವ ಕೆಲಸ ಇಳಿಯುವಾಗಿನದ್ದೇ: ಹಿಗ್ಗುತ್ತಲೇ ತೂಕ ತಡೆಯುವುದು. ಗೋಡೆಗೆ ಬೆನ್ನು ಒರಗಿಸಿ ಕುರ್ಚಿಯಲ್ಲಿ ಕೂತ ಹಾಗೆ ಒಂದು ನಿಮಿಷ ನಿಲ್ಲುವುದನ್ನೂ ಮಾಡಿ. ಎಂಟು ವಾರ ಸಾಕು.

ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಎರಡು ವಿಷಯಕ್ಕೆ ಹಟ ಹಿಡಿಯಿರಿ. ಒಂದು ಬೂಟು. ಅದರ ಅಳತೆ ಸೆಂಟಿಮೀಟರ್‌ನಲ್ಲಿ ಇರುತ್ತೆ. ಪಾದದ ಉದ್ದ 26.5 ಇದ್ದರೆ ಬೂಟೂ 26.5. ನಿಂತಾಗ ಬೆರಳು ತುದಿಗೆ ಮುಟ್ಟಬೇಕು, ಮೊಣಕಾಲು ಮುಂದೆ ಬಗ್ಗಿಸಿದಾಗ ಹಿಂದೆ ಸರಿಯಬೇಕು. ಆರಾಮಾಗಿದೆ ಅಂತ ದೊಡ್ಡದು ತೊಟ್ಟರೆ ಕಾಲು ಒಂದು ಕಡೆ, ಸ್ಕೀ ಇನ್ನೊಂದು ಕಡೆ. ಎರಡನೆಯದು ಬೈಂಡಿಂಗ್, ಅಂದರೆ ಬಿದ್ದಾಗ ಬೂಟನ್ನು ಬಿಟ್ಟುಕೊಡುವ ಕೊಂಡಿ. ಅದರ ಬಿಗಿಯನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಆಡುವ ರೀತಿ ನೋಡಿ ಹೊಂದಿಸುತ್ತಾರೆ. 50 ದಾಟಿದವರಿಗೆ ಒಂದು ಹಂತ ಸಡಿಲ. ನಿಮಗೆ 51, ಅದನ್ನು ಮುಚ್ಚಿಡಬೇಡಿ. ತೂಕವನ್ನೂ ನಿಜವೇ ಹೇಳಿ. ಒಮ್ಮೆ ನಾನೇ ಒಂದು ಅಂಗಡಿಯಲ್ಲಿ ಅವಸರದಲ್ಲಿ ಫಾರಂ ತುಂಬಿಸದೆ ಸ್ಕೀ ಎತ್ತಿಕೊಂಡು ಹೋದೆ. ಹಿಂದಿನ ಗಿರಾಕಿ ಯಾರೋ ಭಾರಿ ಆಳಿರಬೇಕು. ಬಿದ್ದಾಗ ಕೊಂಡಿ ಬಿಚ್ಚಲಿಲ್ಲ. ಮೊಣಕಾಲು ಆರು ವಾರ ಪಟ್ಟಿಯಲ್ಲಿತ್ತು. ಕಲಿಸುವವನಿಗೇ ಹೀಗಾದರೆ!

ಹೆಲ್ಮೆಟ್ ಇಲ್ಲಿ ಕಾನೂನಿನಲ್ಲಿ ಕಡ್ಡಾಯ ಅಲ್ಲ, ಆದರೆ ಹಾಕದವರು ಕಾಣುವುದೇ ಅಪರೂಪ. ಬಾಡಿಗೆಗೆ ಸಿಗುತ್ತೆ. ಮಂಕಿ ಕ್ಯಾಪ್ ಸಂಜೆಗೆ ಇಟ್ಟುಕೊಳ್ಳಿ.

ಇಲ್ಲಿಯ ಇಳಿಜಾರುಗಳಿಗೆ ನೀಲಿ, ಕೆಂಪು, ಕಪ್ಪು ಅಂತ ಬಣ್ಣ. ನೀಲಿ ಸುಲಭ. ನಿಜ ಹೇಳಬೇಕೆಂದರೆ ಮ್ಯೂರೆನ್ ಹೊಸಬರ ಊರಲ್ಲ. ಕೆಂಪೇ ಜಾಸ್ತಿ, ಶಿಲ್ಟ್‌ಹಾರ್ನ್‌ನ ಮೇಲ್ಭಾಗ ಕಪ್ಪು. ಮೊದಲ ಎರಡು ದಿನ ಮಕ್ಕಳ ಜೊತೆ ನೀವೂ ಆಲ್ಮೆಂಡ್‌ಹೂಬೆಲ್ ಕಡೆಯ ಕಲಿಕೆಯ ಜಾಗದಲ್ಲೋ, ರೈಲಿನ ಮಧ್ಯದ ನಿಲ್ದಾಣ ವಿಂಟರೆಗ್‌ನಲ್ಲೋ ಕಳೆಯಿರಿ. ಮಕ್ಕಳಿಗೆ ಸ್ಕೀ ಶಾಲೆ, ನಿಮಗೆ ಅರ್ಧ ದಿನದ ಪಾಠ. ದಯವಿಟ್ಟು ಮಕ್ಕಳಿಗೆ ನೀವೇ ಕಲಿಸಲು ಹೋಗಬೇಡಿ. ಮೂರನೇ ದಿನ ಅವರು ನಿಮ್ಮನ್ನು ಹಿಂದೆ ಹಾಕುತ್ತಾರೆ, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಎಲ್ಲರಿಗೂ ಕೈ ಕುದುರಿದ ಮೇಲೆ ಒಂದು ದಿನ ಕೆಳಗಿಳಿದು, ಎದುರು ಬೆಟ್ಟದ ರೈಲಿನಲ್ಲಿ ವೆಂಗೆನ್ ದಾಟಿ ಕ್ಲೈನೆ ಶೈಡೆಗ್‌ಗೆ ಹೋಗಿ. ಅಲ್ಲಿ ಅಗಲವಾದ, ಮೆತ್ತಗಿನ ಇಳಿಜಾರು ಬೇಕಾದಷ್ಟಿವೆ.

ಇನ್ನು ವಿಮೆ. ವೀಸಾಗೆ ಬೇಕಾದ ವಿಮೆ ಬೇರೆ, ಸ್ಕೀಗೆ ಬೇಕಾದ ವಿಮೆ ಬೇರೆ. ಎಷ್ಟೋ ಪ್ರವಾಸ ವಿಮೆಗಳು ಚಳಿಗಾಲದ ಆಟಗಳನ್ನು ಹೊರಗಿಡುತ್ತವೆ. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚು ಸೇರಿದೆಯೇ ಅಂತ ಬರಹದಲ್ಲಿ ನೋಡಿಕೊಳ್ಳಿ. ಗುರುತು ಹಾಕಿದ ಪಟ್ಟಿ ಬಿಟ್ಟು ಹೊರಗೆ ಹೋದರೆ ವಿಮೆಯೂ ತಕರಾರು ಮಾಡಬಹುದು, ಹಿಮಕುಸಿತದ ಭಯವೂ ಉಂಟು.

ಅಮ್ಮನಿಗೆ ಈ ಊರು ಹೇಳಿ ಮಾಡಿಸಿದ್ದು. ಕಾರಿಲ್ಲ, ಗದ್ದಲವಿಲ್ಲ. ಗ್ರೂಚಾಲ್ಪ್‌ನಿಂದ ವಿಂಟರೆಗ್ ಮೇಲೆ ಮ್ಯೂರೆನ್‌ಗೆ ರೈಲಿನ ಪಕ್ಕದಲ್ಲೇ ಚಳಿಗಾಲದ ನಡಿಗೆಯ ದಾರಿ ಇದೆ. ಏರಿಳಿತ ಕಡಿಮೆ. ಸುಸ್ತಾದರೆ ವಿಂಟರೆಗ್‌ನಲ್ಲಿ ರೈಲು ಹತ್ತಿಬಿಡಬಹುದು. ಬೂಟಿಗೆ ಸಿಕ್ಕಿಸುವ ರಬ್ಬರಿನ ಮುಳ್ಳುಪಟ್ಟಿ ಮೊದಲ ದಿನವೇ ಕೊಳ್ಳಿ. ಹೊಸ ಹಿಮ ಜಾರಲ್ಲ, ಹಗಲು ಕರಗಿ ರಾತ್ರಿ ಗಟ್ಟಿಯಾದದ್ದು ಗಾಜಿನ ಹಾಗೆ ಜಾರುತ್ತೆ. ಕಪ್ಪು ಕನ್ನಡಕ ಮರೆಯಬೇಡಿ. ಶಿಲ್ಟ್‌ಹಾರ್ನ್ 2,970 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡ 70ರಷ್ಟು. ಹೃದಯದ ತೊಂದರೆ ಇದ್ದರೆ ವೈದ್ಯರನ್ನು ಕೇಳಿ. ಇಲ್ಲದಿದ್ದರೂ ಎರಡು ದಿನ ಊರಿನಲ್ಲಿ ಕಳೆದ ಮೇಲೆ ಕರೆದೊಯ್ಯಿರಿ, ನಿಧಾನ ನಡೆಸಿ. ಮೇಲೆ ತಿರುಗುವ ಹೋಟೆಲಿದೆ, ಹಿಂದೆ ಒಂದು ಜೇಮ್ಸ್ ಬಾಂಡ್ ಸಿನಿಮಾ ಅಲ್ಲಿ ತೆಗೆದಿದ್ದರು. ಮಕ್ಕಳಿಗೆ ಅದೇ ದೊಡ್ಡ ವಿಷಯ.

ಬೆಟ್ಟ ಹತ್ತುವ ಟಿಕೆಟ್ ಕೊಳ್ಳುವ ಮುಂಚೆ ಮೇಲೆ ಇಟ್ಟಿರುವ ಕ್ಯಾಮೆರಾದ ನೇರ ಚಿತ್ರ ನೋಡುವ ಅಭ್ಯಾಸ ಮಾಡಿಕೊಳ್ಳಿ. ಚಳಿಗಾಲದಲ್ಲಿ ಬರ್ನ್‌ನಂಥ ತಗ್ಗಿನ ಊರುಗಳ ಮೇಲೆ ದಿನಗಟ್ಟಲೆ ಮಂಜು ಕವಿದಿರುತ್ತೆ. ಇಲ್ಲಿ ಅದಕ್ಕೆ ನೇಬೆಲ್‌ಮೇರ್, ಮಂಜಿನ ಸಮುದ್ರ, ಅನ್ನುತ್ತಾರೆ. ಕೆಳಗೆ ಬೂದು ಬಣ್ಣ, ಮೇಲೆ ಮ್ಯೂರೆನ್‌ನಲ್ಲಿ ಕಣ್ಣು ಕುಕ್ಕುವ ಬಿಸಿಲು. ತಗ್ಗಿನಲ್ಲಿ ಕೂತು ಇವತ್ತು ಹವೆ ಸರಿ ಇಲ್ಲ ಅಂತ ನಿರ್ಧರಿಸಿಬಿಟ್ಟರೆ ನಷ್ಟ. ಉಲ್ಟಾನೂ ಆಗುತ್ತೆ. ಫ್ಯೋನ್ ಅನ್ನುವ ದಕ್ಷಿಣದ ಬಿಸಿಗಾಳಿ ಬೀಸಿದರೆ ಆಕಾಶ ತಿಳಿಯಾಗಿಯೇ ಇದ್ದು ಕೇಬಲ್ ಕಾರು ನಿಂತುಹೋಗಬಹುದು.

ಊಟ. ಮ್ಯೂರೆನ್‌ನಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ. ಊರಲ್ಲೇ ಕೋ-ಆಪ್ ದಿನಸಿ ಅಂಗಡಿ ಇದೆ. ಅಕ್ಕಿ, ಮೊಸರು, ತರಕಾರಿ ಸಿಗುತ್ತೆ. ಹೋಟೆಲಿನಲ್ಲಿ ರೋಷ್ಟಿ, ಅಂದರೆ ಆಲೂಗಡ್ಡೆ ತುರಿದು ಹುರಿದದ್ದು, ಅಮ್ಮನಿಗೆ ಹಿಡಿಸುತ್ತೆ. ಆದರೆ ಅದಕ್ಕೆ ಹಂದಿಮಾಂಸದ ಚೂರು ಹಾಕುವ ರೂಢಿ ಉಂಟು. "ಓನೆ ಷ್ಪೆಕ್" ಅಂತ ಹೇಳಿ, ಹಾಕಲ್ಲ. ಫಾಂಡ್ಯೂ, ಅಂದರೆ ಬ್ರೆಡ್ ಅದ್ದಿ ತಿನ್ನುವ ಕರಗಿಸಿದ ಚೀಸ್, ಅದರಲ್ಲಿ ವೈನ್ ಇರುತ್ತೆ. ಗ್ರುಯೆರ್‌ನಂಥ ಹಳೆಯ ಪದ್ಧತಿಯ ಚೀಸ್‌ಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಇದನ್ನು ಯಾವ ಹೋಟೆಲೂ ಹೇಳಲ್ಲ. ಅಮ್ಮ ಕಟ್ಟುನಿಟ್ಟಾದರೆ ಚೀಸ್ ಬಿಟ್ಟುಬಿಡಲಿ. ಇನ್ನು ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಅವಲಕ್ಕಿ, ಉಪ್ಪಿನಕಾಯಿ ತನ್ನಿ. ತುಪ್ಪದ ಡಬ್ಬಿ, ಪೇಡ ಬೇಡ. ಭಾರತದಂಥ ದೇಶಗಳಿಂದ ಹಾಲಿನ ಪದಾರ್ಥ ತರುವುದನ್ನು ಇಲ್ಲಿ ನಿಷೇಧಿಸಿದ್ದಾರೆ. ಮನೆಯಲ್ಲಿ ಕಾಯಿಸಿದ ತುಪ್ಪ ಜ್ಯೂರಿಕ್ ವಿಮಾನ ನಿಲ್ದಾಣದ ಕಸದ ಬುಟ್ಟಿಗೆ ಬೀಳುವುದನ್ನು ನಾನು ನೋಡಿದ್ದೇನೆ. ಆ ಅಜ್ಜಿಯ ಮುಖ ಇನ್ನೂ ಮರೆತಿಲ್ಲ.

ಎಷ್ಟು ದಿನ ಅಂದಿರಿ. ಐದು ರಾತ್ರಿ. ಎಲ್ಲಾ ಐದೂ ಮೇಲೇ ಇರಿ. ಕೆಳಗಿನ ಇಂಟರ್‌ಲಾಕೆನ್ ಊರಿನಲ್ಲಿ ಕೋಣೆ ಸೋವಿ ಅಂತ ಅಲ್ಲಿ ಉಳಿದು ದಿನಾ ಹತ್ತಿಳಿಯುವವರು ಸಂಜೆಯನ್ನೇ ಕಳೆದುಕೊಳ್ಳುತ್ತಾರೆ. ಜನವರಿ ಕೊನೆಯಲ್ಲಿ ಸಂಜೆ ಐದೂವರೆಯ ಹೊತ್ತಿಗೆ ಕಣಿವೆಯೆಲ್ಲ ನೀಲಿಯಾಗಿ, ಯುಂಗ್‌ಫ್ರೌನ ನೆತ್ತಿ ಮಾತ್ರ ಕುಂಕುಮದ ಬಣ್ಣಕ್ಕೆ ತಿರುಗಿರುತ್ತೆ. ಹತ್ತು ನಿಮಿಷ, ಅಷ್ಟೇ. ದಿನದ ಪ್ರವಾಸಿಗಳು ಆಗ ಕೆಳಗಿನ ರೈಲಿಗೆ ಓಡುತ್ತಿರುತ್ತಾರೆ. ನೀವು ಅಮ್ಮನನ್ನು ಐದೂವರೆಗೆ ಹತ್ತು ನಿಮಿಷ ಇರುವಾಗಲೇ ಬೆಚ್ಚಗೆ ಹೊದಿಸಿ ಹೊರಗೆ ಕರೆತನ್ನಿ.